ಕತ್ತು ಹಿಡಿದಾಗ ಮಾಲೀಷಿಗೆ ಹೋಗುವ ಮುನ್ನ

ಹತ್ತನೇ ತರಗತಿ ಪೇಪರ್ ತಿದ್ದಿ ಬಂದ ವಾರ ನಮ್ಮ ಶಿಕ್ಷಕರ ಮಾತಿನಲ್ಲಿ ಪಾಠಕ್ಕಿಂತ ಕತ್ತಿನ ಸುದ್ದಿಯೇ ಹೆಚ್ಚು. ಸೋಮಂದೇಪಲ್ಲಿ ಕಡೆ "ಮೆಡ ಪಟ್ಟೇಸಿಂದಿ" ಅಂದರೂ ಅದೇ, "ಕತ್ತು ಹಿಡ್ಕೊಂಡಿದೆ" ಅಂದರೂ ಅದೇ. ಎರಡು ಭಾಷೆಯಲ್ಲೂ ಸಿಗುವ ಸಲಹೆ ಒಂದೇ: ಎಲ್ಲಾದ್ರೂ ಒಂದು ಮಾಲೀಷ್ ಮಾಡಿಸ್ಕೊಳ್ಳಿ. ಸಲಹೆ ಕೆಟ್ಟದ್ದಲ್ಲ. ಆದರೆ ಎಲ್ಲಿ, ಯಾರ ಕೈಲಿ, ಅಲ್ಲಿ ಹೋದರೆ ಏನೇನು ನಡೆಯುತ್ತೆ ಅನ್ನೋದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಯುಗಾದಿ, ದೀಪಾವಳಿಗೆ ಮನೆಯವರ ಕೈಲಿ ಎಣ್ಣೆ ಹಚ್ಚಿಸಿಕೊಂಡು ಬೆಳೆದವರಿಗೂ ಗುರುತಿಲ್ಲದವರ ಮುಂದೆ ಬಟ್ಟೆ ಬಿಚ್ಚಿ ಮಲಗೋದು ಸಂಕೋಚವೇ. ಆ ಸಂಕೋಚದಿಂದಲೇ ಎಷ್ಟೋ ಜನ ಸರಿಯಾದ ಕಡೆ ಹೋಗದೆ ಎಲ್ಲೆಲ್ಲೋ ಕತ್ತು ಕೊಡ್ತಾರೆ.

ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಇಳಿದರೆ, ಮೆಜೆಸ್ಟಿಕ್ ಪಕ್ಕದ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಜಯಚಾಮರಾಜೇಂದ್ರ ಆಯುರ್ವೇದ ಆಸ್ಪತ್ರೆ ಇದೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಷ್ಟು ಹಳೆಯದು. ಇಂಥ ಕಡೆ ನೀವು ನೇರವಾಗಿ ಮಾಲೀಷ್ ಮೇಜಿಗೆ ಹೋಗೋದಿಲ್ಲ. ಮೊದಲು ವೈದ್ಯರು ನೋಡ್ತಾರೆ. ಬಿ.ಪಿ., ಸಕ್ಕರೆ, ಹಿಂದಿನ ಆಪರೇಷನ್, ಈಗ ತಗೊಳ್ತಿರುವ ಮಾತ್ರೆ ಎಲ್ಲಾ ಕೇಳ್ತಾರೆ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಕೇಳುವ ಮೊದಲೇ ಹೇಳಿಬಿಡಿ. ಏನೂ ಕೇಳದೆ "ಮಲಗಿ ಸಾರ್" ಅನ್ನೋ ಜಾಗವಾದರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬರೋದೇ ಸರಿ.

ಊಟ ಮಾಡಿದ ಕೂಡಲೇ ಹೋಗಬೇಡಿ. ಅಜೀರ್ಣವಿದ್ದಾಗ ಅಭ್ಯಂಗ ಬೇಡ ಅಂತ ವಾಗ್ಭಟನ ಅಷ್ಟಾಂಗಹೃದಯವೇ ಹೇಳುತ್ತೆ. ಒಳಗೆ ಹೋದ ಮೇಲೆ ಬಟ್ಟೆ ಬದಲಿಸಲು ಮರೆ ಇರುತ್ತೆ, ಮೈ ಮುಚ್ಚಲು ಬಟ್ಟೆ ಕೊಡ್ತಾರೆ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಮಾಡೋದು ಆಸ್ಪತ್ರೆಗಳ ವಾಡಿಕೆ. ಎಷ್ಟು ಬಟ್ಟೆ ಬಿಚ್ಚಬೇಕು, ಎಲ್ಲಿ ಕೈ ಹಾಕಬಾರದು ಅನ್ನೋದು ನಿಮ್ಮ ತೀರ್ಮಾನ. ನಡುವೆ "ಸಾಕು" ಅಂದರೆ ಅವರು ನಿಲ್ಲಿಸಲೇಬೇಕು. ಇದನ್ನು ಕೇಳೋಕೆ ನಾಚಿಕೆ ಪಡಬೇಡಿ.

ಎಣ್ಣೆ ಬೆಚ್ಚಗಿರುತ್ತೆ. ಕ್ಷೀರಬಲಾ ತೈಲ, ಮಹಾನಾರಾಯಣ ತೈಲ ಇಂಥವು, ಬಹುಪಾಲು ಎಳ್ಳೆಣ್ಣೆಯಲ್ಲಿ ಕಾಯಿಸಿದ್ದು. ಉದ್ದಕ್ಕೆ ನೇವೋದು, ಕೀಲಿನ ಹತ್ತಿರ ಸುತ್ತಿ ಉಜ್ಜೋದು, ದಪ್ಪ ಮಾಂಸಖಂಡವನ್ನು ಚಪಾತಿ ಹಿಟ್ಟಿನ ಹಾಗೆ ನಾದೋದು. ಪೇಟೆಯ ಸ್ಪಾಗಳಲ್ಲಿ 'ಸ್ವೀಡಿಷ್' ಅಂತ ಬೋರ್ಡ್ ಹಾಕಿರುವುದರಲ್ಲೂ ನೇವೋದು, ನಾದೋದು, ತಟ್ಟೋದೇ ಮುಖ್ಯ. ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತೆ. ಆಮೇಲೆ ಹಬೆಯ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು, ಬಿಸಿನೀರಿನ ಸ್ನಾನ. ಮೇಜಿನಿಂದ ದಡಕ್ಕನೆ ಏಳಬೇಡಿ, ತಲೆ ಸುತ್ತಬಹುದು. ಕಾಲಿಗೆ ಎಣ್ಣೆ ಇರುತ್ತೆ, ಜಾರಿ ಬಿದ್ದರೆ ಹೋದ ಕತ್ತುನೋವಿನ ಜಾಗಕ್ಕೆ ಸೊಂಟನೋವು ಬರುತ್ತೆ! ಮಾರನೇ ದಿನ ಮೈ ಸ್ವಲ್ಪ ನೊಂದರೆ ಗಾಬರಿ ಬೇಡ. ನೀಲಿಗಟ್ಟಿದ್ದರೆ ಮಾತ್ರ ಒತ್ತಡ ಜಾಸ್ತಿಯಾಗಿತ್ತು ಅಂತಲೇ ಅರ್ಥ.

ನೋವು ಹೇಗೆ ಕಡಿಮೆಯಾಗುತ್ತೆ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ. ಸ್ಪರ್ಶ, ಒತ್ತಡದ ಸುದ್ದಿ ದಪ್ಪ ನರತಂತುಗಳಲ್ಲಿ ಬೇಗ ಬಂದರೆ, ತೆಳು ತಂತುಗಳಲ್ಲಿ ನಿಧಾನಕ್ಕೆ ಬರುವ ನೋವಿನ ಸುದ್ದಿಗೆ ಗೇಟು ಅರ್ಧ ಮುಚ್ಚುತ್ತೆ. ಮೊಣಕೈ ಬಾಗಿಲಿಗೆ ಬಡಿದಾಗ ನಾವು ತಕ್ಷಣ ಉಜ್ಜಿಕೊಳ್ಳೋದು ಇದಕ್ಕೇ. ಒತ್ತಡವನ್ನು ಗ್ರಹಿಸುವ ಪೀಜೋ ಪ್ರೋಟೀನುಗಳನ್ನು ಕಂಡುಹಿಡಿದ ಪಟಪೌಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ನೆನಪಿರಬಹುದು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ನೇವಿದರೆ ಚೆನ್ನಾಗಿ ಎಚ್ಚೆತ್ತುಕೊಳ್ಳುವ ಬೇರೆಯೇ ನರತಂತುಗಳೂ ನಮ್ಮ ಚರ್ಮದಲ್ಲಿವೆ. ಅಮ್ಮ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಡಿಮೆ ಅದೇ.

"ಮಾಲೀಷ್ ಮಾಡಿದರೆ ಲ್ಯಾಕ್ಟಿಕ್ ಆಮ್ಲ ಹೊರಟುಹೋಗುತ್ತೆ" ಅಂತ ಪಿ.ಇ.ಟಿ. ಮೇಷ್ಟ್ರುಗಳೂ ಮಕ್ಕಳಿಗೆ ಹೇಳ್ತಾರೆ. ಓಡಿ ನಿಂತ ಸುಮಾರು ಒಂದು ಗಂಟೆಯಲ್ಲಿ ಅದು ತಾನಾಗೇ ಕರಗಿರುತ್ತೆ. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ವ್ಯಾಯಾಮದ ನಂತರ ಮಾಲೀಷ್ ಮಾಡಿದ ಸ್ನಾಯುವಿನ ಚೂರು ತೆಗೆದು ನೋಡಿದರು. ಉರಿಯೂತದ ಸೂಚನೆಗಳು ತಗ್ಗಿದ್ದವು, ಲ್ಯಾಕ್ಟಿಕ್ ಆಮ್ಲದಲ್ಲಿ ವ್ಯತ್ಯಾಸ ಇರಲಿಲ್ಲ. ಹಾಗೇ 'ವಿಷ ಹೊರಗೆ ಹೋಗುತ್ತೆ' ಅನ್ನೋದೂ ಬರೀ ಮಾತು. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ.

ಈಗ ಇದೆಲ್ಲಕ್ಕಿಂತ ಮುಖ್ಯವಾದ ಮಾತು. ಕಟಿಂಗ್ ಶಾಪಿನಲ್ಲಿ ತಲೆಗೆ ಎಣ್ಣೆ ತಟ್ಟಿ, ಕೊನೆಗೆ ಗದ್ದ ಹಿಡಿದು ಕತ್ತನ್ನು 'ಲಟಕ್' ಅನ್ನಿಸ್ತಾರಲ್ಲ, ಅದು ಬೇಡವೇ ಬೇಡ. ಆ ಶಬ್ದ ಮೂಳೆ ಸರಿಹೋದದ್ದಲ್ಲ, ಕೀಲಿನ ದ್ರವದಲ್ಲಿ ಏಳುವ ಅನಿಲದ ಗುಳ್ಳೆ. ಬೆರಳಿನ ಲಟಿಕೆಯೂ ಅದೇ. ಆದರೆ ಬೆರಳಲ್ಲಿ ಇಲ್ಲದ್ದು ಕತ್ತಿನಲ್ಲಿದೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಮೂಳೆಗಳ ತೂತಿನೊಳಗೇ ಹಾದು ಹೋಗುತ್ತವೆ. ಜೋರಾಗಿ ತಿರುಚಿದಾಗ ಧಮನಿಯ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು. ಅಪರೂಪ, ನಿಜ. ಆದರೆ ಆಗೋದು ಆರೋಗ್ಯವಾಗಿರುವ ಹರೆಯದವರಿಗೂ. ಕೆಲವೊಮ್ಮೆ ಗಂಟೆಗಳಲ್ಲ, ದಿನಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತೆ. ತಲೆಸುತ್ತು, ವಸ್ತು ಎರಡೆರಡಾಗಿ ಕಾಣೋದು, ಮಾತು ತೊದಲೋದು, ನಡಿಗೆ ಓಲಾಡೋದು ಕಂಡರೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಅವಕಾಶ.

ಇನ್ನೊಂದು, ಕಾಲು. ಮೂಳೆ ಮುರಿದು ಪಟ್ಟಿ ಹಾಕಿದ ಮೇಲೆ, ಆಪರೇಷನ್, ಹೆರಿಗೆ ಆದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒತ್ತಬಾರದು. ಒಳಗಿನ ಅಭಿಧಮನಿಯಲ್ಲಿ ಹೆಪ್ಪು ಇದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಮೊದಲು ಡಾಪ್ಲರ್ ಸ್ಕ್ಯಾನ್. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಎಣ್ಣೆಯ ಬಿಸಿಯನ್ನು ಕೈಯಲ್ಲಿ ನೋಡಿ ಆಮೇಲೆ ಹಚ್ಚಿಸಿಕೊಳ್ಳಲಿ. ಪಾದಕ್ಕೆ ಸುಟ್ಟದ್ದೇ ಗೊತ್ತಾಗೋದಿಲ್ಲ. ಎಳೆಗೂಸಿನ ಮೈಗೆ ಎಣ್ಣೆ ಸವರಿ, ಸಂತೋಷ. ಮೂಗಿಗೆ, ಕಿವಿಗೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತೆ. ಅಜ್ಜಿಯರ ಜೊತೆ ಈ ವಿಷಯದಲ್ಲಿ ಸ್ವಲ್ಪ ಜಗಳವಾದರೂ ಆಗಲಿ.

ಎಂಟನೇ ತರಗತಿಗೆ ಘರ್ಷಣೆ ಪಾಠ ಮಾಡುವಾಗ ಇದನ್ನು ಮಾಡಿಸಿ ನೋಡಿ. ನಮ್ಮೂರಿನ ಕಡಲೇಕಾಯಿ ಎಣ್ಣೆ ಸಾಕು. ಓರೆಯಾಗಿ ನಿಲ್ಲಿಸಿದ ಎರಡು ಸ್ಟೀಲ್ ತಟ್ಟೆಗಳ ಮೇಲೆ ಒಂದೊಂದು ಚಮಚ ಬಿಡಿ: ಒಂದಕ್ಕೆ ತಣ್ಣೀರಿನ ಬಟ್ಟಲಲ್ಲಿಟ್ಟು ತಂಪು ಮಾಡಿದ್ದು, ಇನ್ನೊಂದಕ್ಕೆ ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿದ್ದು. ಯಾವುದು ಮೊದಲು ಕೆಳಗೆ ತಲುಪಿತು ಅಂತ ಮಕ್ಕಳೇ ಸೆಕೆಂಡ್ ಎಣಿಸಲಿ. ಆಮೇಲೆ ಮಾಲೀಷಿನವರು ಎಣ್ಣೆಯನ್ನು ಏಕೆ ಕಾಯಿಸುತ್ತಾರೆ ಅಂತ ಕೇಳಿ.