ಅರವತ್ತರ ಬಲ್ಬು ನೂರನ್ನು ಮೀರಿಸಿದಾಗ

ಎಲೆಕ್ಟ್ರಿಕ್ ರಿಪೇರಿ ಅಂಗಡಿಗಳ ಮೇಜಿನ ಮೇಲೆ ಸಾಮಾನ್ಯವಾಗಿ ಒಂದು ಹಲಗೆ ಇರುತ್ತದೆ. ಅದರಲ್ಲಿ ಒಂದು ಹೋಲ್ಡರ್, ಪಕ್ಕದಲ್ಲಿ ಒಂದು ಸಾಕೆಟ್. ಹೋಲ್ಡರಿನಲ್ಲಿರುವುದು ಹಳೇ ಕಾಲದ 100 ವ್ಯಾಟಿನ ಬಲ್ಬು. ಇದೇ ಸೀರೀಸ್ ಬೋರ್ಡ್. ಕೆಟ್ಟ ಇಸ್ತ್ರಿಪೆಟ್ಟಿಗೆ ಬಂದರೆ ಅದನ್ನು ಮೊದಲು ಇದಕ್ಕೆ ಸಿಕ್ಕಿಸುತ್ತಾರೆ. ಬಲ್ಬು ಹತ್ತಲೇ ಇಲ್ಲವೆಂದರೆ ಕಾಯಿಲೋ ವಯರೋ ಎಲ್ಲೋ ತುಂಡಾಗಿದೆ. ತುಸು ಮಂಕಾಗಿ ಹತ್ತಿದರೆ ಕಾಯಿಲ್ ಸರಿಯಿದೆ. ಭರ್ತಿ ಬೆಳಕು ಬಂತೋ, ಒಳಗೆ ಶಾರ್ಟ್.

ಈ ಮೂರೂ ತೀರ್ಮಾನಗಳ ಹಿಂದೆ ಇರುವುದು ರೋಧದ ಲೆಕ್ಕ. ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಆ 230ನ್ನು 230ರಿಂದಲೇ ಗುಣಿಸಿ, ಉಪಕರಣದ ವ್ಯಾಟಿನಿಂದ ಭಾಗಿಸಿದರೆ ಅದರ ರೋಧ ಸಿಗುತ್ತದೆ. 100 ವ್ಯಾಟಿನ ಬಲ್ಬಿಗೆ 529 ಓಮ್, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ 52.9 ಓಮ್. ಸೀರೀಸ್ ಬೋರ್ಡಿನಲ್ಲಿ ಇವೆರಡೂ ಒಂದರ ಹಿಂದೊಂದು ನಿಂತಿವೆ. ಪ್ರವಾಹಕ್ಕೆ ಇರುವುದು ಒಂದೇ ದಾರಿ, ಆದ್ದರಿಂದ ರೋಧಗಳನ್ನು ಕೂಡಿಸಿದರೆ ಸಾಕು: 581.9 ಓಮ್. ಎರಡರಲ್ಲೂ ಹರಿಯುವ ಪ್ರವಾಹ ಒಂದೇ ಆದರೂ ವೋಲ್ಟೇಜ್ ಮಾತ್ರ ರೋಧಕ್ಕೆ ತಕ್ಕಂತೆ ಪಾಲಾಗುತ್ತದೆ. ಬಲ್ಬಿಗೆ 209 ವೋಲ್ಟ್, ಇಸ್ತ್ರಿಗೆ ಉಳಿದ 21. ಆ ತುಸು ಮಂಕಿಗೆ ಕಾರಣ ಈ 21 ವೋಲ್ಟ್.

ಇದೇ ಹಲಗೆಯಲ್ಲಿ ಇನ್ನೊಂದು ಪ್ರಯೋಗ ಮಾಡಬಹುದು. ಇಸ್ತ್ರಿಯ ಜಾಗದಲ್ಲಿ 60 ವ್ಯಾಟಿನ ಬಲ್ಬು ಬರಲಿ. ಯಾವುದು ಹೆಚ್ಚು ಬೆಳಗುತ್ತದೆ? ನೋಡಿದವರೆಲ್ಲ ಬೆರಗಾಗುವ ಹಾಗೆ, ಅರವತ್ತರದ್ದು! ಅದರ ರೋಧ ಸುಮಾರು 882 ಓಮ್. ಒಟ್ಟು 1411 ಓಮ್, ಪ್ರವಾಹ 0.163 ಆಂಪಿಯರ್. ಲೆಕ್ಕದ ಪ್ರಕಾರ ಅರವತ್ತರ ಬಲ್ಬು 23 ವ್ಯಾಟ್ ಬಳಸಿದರೆ ನೂರರದ್ದು ಬರೀ 14. ತಂತು ಪೂರ್ತಿ ಕಾಯದಿದ್ದಾಗ ಅದರ ರೋಧ ಕಡಿಮೆ ಇರುವುದರಿಂದ ನಿಜವಾದ ಅಂಕಿಗಳು ಬೇರೆಯಾಗುತ್ತವೆ, ಆದರೆ ಗೆಲ್ಲುವ ಬಲ್ಬು ಅದೇ. ಬಲ್ಬಿನ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆ ಅದಕ್ಕೆ ಪೂರ್ತಿ 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ.

ಆ ಪೂರ್ತಿ ವೋಲ್ಟೇಜ್ ಪ್ರತಿಯೊಂದಕ್ಕೂ ಸಿಗಲೆಂದೇ ಮನೆಯ ವಯರಿಂಗಿನಲ್ಲಿ ಎಲ್ಲವನ್ನೂ ಸಮಾಂತರವಾಗಿ ಜೋಡಿಸುತ್ತಾರೆ. ಹತ್ತನೆಯ ತರಗತಿಯ ಮಕ್ಕಳು ಎಡವುವುದು ಇಲ್ಲೇ: ರೋಧಗಳನ್ನು ಬಿಟ್ಟು ಅವುಗಳ ವ್ಯುತ್ಕ್ರಮಗಳನ್ನು ಯಾಕೆ ಕೂಡಿಸಬೇಕು? ಸೂತ್ರ ಬಾಯಿಪಾಠ ಮಾಡಿಸುವ ಮೊದಲು ಇದನ್ನು ಹೇಳಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ರೋಧವೆಂದರೆ ಹರಿಯುವುದು ಎಷ್ಟು ಕಷ್ಟ ಎಂಬುದರ ಅಳತೆ. ಅದರ ವ್ಯುತ್ಕ್ರಮ, ಎಷ್ಟು ಸುಲಭ ಎಂಬುದರದ್ದು. ದಾರಿಗಳು ಹೆಚ್ಚಿದಾಗ ಕೂಡುತ್ತಾ ಹೋಗುವುದು ಸುಲಭ. ರೈಲು ನಿಲ್ದಾಣದಲ್ಲಿ ಇನ್ನೊಂದು ಟಿಕೆಟ್ ಕೌಂಟರ್ ತೆರೆದರೆ, ಅಲ್ಲಿನ ಗುಮಾಸ್ತರು ಎಷ್ಟೇ ನಿಧಾನದವರಾದರೂ ಒಟ್ಟು ಜನ ಬೇಗ ಕರಗುತ್ತಾರೆ. ಹಾಗೆಯೇ 529 ಮತ್ತು 882 ಓಮಿನ ಬಲ್ಬುಗಳು ಸಮಾಂತರವಾದಾಗ ಒಟ್ಟು ರೋಧ ಸುಮಾರು 331 ಓಮ್, ಚಿಕ್ಕದಕ್ಕಿಂತಲೂ ಕಡಿಮೆ. ಎರಡೇ ಇದ್ದಾಗ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದರೆ ಉತ್ತರ ಬಂತು.

ಈ ಇಳಿಕೆ ಥಾಮಸ್ ಎಡಿಸನ್‌ಗೆ ದೊಡ್ಡ ತಲೆನೋವಾಗಿತ್ತು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಸ್ಥಾವರ ಸುಮಾರು 400 ದೀಪಗಳೊಂದಿಗೆ ಆರಂಭವಾಯಿತು. ಒಂದು ಕೋಣೆಯ ದೀಪ ಆರಿಸಿದರೆ ಬೀದಿಯೆಲ್ಲ ಕತ್ತಲಾಗಬಾರದು, ಹಾಗಾಗಿ ಸಮಾಂತರವೇ ಬೇಕು. ಆದರೆ ಪ್ರತಿ ದೀಪದ ರೋಧ 1 ಓಮ್ ಇದ್ದಿದ್ದರೆ ನಾನೂರೂ ಸೇರಿ 0.0025 ಓಮ್ ಆಗಿಬಿಡುತ್ತಿತ್ತು. ಬೀದಿಯಡಿಯ ತಾಮ್ರದ ತಂತಿ ಈ ಇಡೀ ಗುಂಪಿನೊಂದಿಗೆ ಸರಣಿಯಲ್ಲಿರುತ್ತದೆ. ಅದರ ರೋಧವೇ ದೀಪಗಳದ್ದಕ್ಕಿಂತ ಹೆಚ್ಚಾದರೆ ವಿದ್ಯುತ್ತೆಲ್ಲ ತಂತಿ ಬಿಸಿಮಾಡುವುದಕ್ಕೇ ಹೋಗುತ್ತದೆ. ತಪ್ಪಿಸಲು ತಂತಿ ದಪ್ಪ ಮಾಡಿದರೆ ತಾಮ್ರದ ಖರ್ಚು ಕೈ ಮೀರುತ್ತದೆ. ಅದಕ್ಕಾಗಿಯೇ ಎಡಿಸನ್ ಹೆಚ್ಚು ರೋಧದ ಸಪೂರ ಇಂಗಾಲದ ತಂತುವಿನ ಬೆನ್ನು ಹತ್ತಿದ್ದು. ತಲಾ 100 ಓಮ್ ಎಂದುಕೊಂಡರೆ ನಾನೂರು ದೀಪಗಳ ರೋಧ 0.25 ಓಮ್, ಮೊದಲಿನದರ ನೂರು ಪಟ್ಟು.

ಅದೇ ಲೆಕ್ಕ ಇಂದಿನ ಅಡುಗೆಮನೆಯಲ್ಲೂ ನಡೆಯುತ್ತದೆ. 6 ಆಂಪಿಯರಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ 1000 ವ್ಯಾಟಿನ ಇಸ್ತ್ರಿ, 1500 ವ್ಯಾಟಿನ ಕೆಟಲ್ ಎರಡನ್ನೂ ಹಾಕಿದರೆ ಒಟ್ಟು ರೋಧ 21.2 ಓಮಿಗೆ ಇಳಿದು, ಸುಮಾರು 10.9 ಆಂಪಿಯರ್ ಹರಿಯುತ್ತದೆ. ಬೋರ್ಡಿನಲ್ಲಿ ಮೂರು ಸಾಕೆಟ್ ಇದೆ ಎಂದಮಾತ್ರಕ್ಕೆ ಅದರ ವಯರು ಮೂರು ಪಟ್ಟು ದಪ್ಪವೇನೂ ಇರುವುದಿಲ್ಲ.

ಇನ್ನೂ ಮೋಸದ್ದು ಸಡಿಲವಾದ ಪ್ಲಗ್. 2000 ವ್ಯಾಟಿನ ಗೀಸರಿನ ರೋಧ 26.45 ಓಮ್. ಸಾಕೆಟ್ಟಿನೊಳಗಿನ ಪತ್ತಿ ಪಿನ್ನನ್ನು ಬಿಗಿಯಾಗಿ ಹಿಡಿಯದೆ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತೆಂದುಕೊಳ್ಳೋಣ. ಅದು ಸರಣಿಯಲ್ಲಿ ಸೇರಿಕೊಳ್ಳುತ್ತದೆ. ಪ್ರವಾಹ ಹೆಚ್ಚೇನೂ ಇಳಿಯದೆ 8.5 ಆಂಪಿಯರ್ ಇರುತ್ತದೆ, ನೀರು ಎಂದಿನಂತೆ ಕಾಯುತ್ತದೆ, ಎಂಸಿಬಿಗೂ ಏನೂ ತಿಳಿಯುವುದಿಲ್ಲ. ಪಿನ್ನಿನ ತುದಿಯಲ್ಲಿ ಮಾತ್ರ 36 ವ್ಯಾಟ್ ಶಾಖ ಏಳುತ್ತಿರುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಾಲ್ಡರಿಂಗ್ ಐರನ್ನು 25 ವ್ಯಾಟಿನದು.