ಭೂವಿದ್ಯುತ್ಕಾಂತೀಯ ದತ್ತಾಂಶದ ಗಣಕ ಮಾದರಿ ಮತ್ತು ವಿಲೋಮನ

ಭೂವಿದ್ಯುತ್ಕಾಂತೀಯ ವಿಲೋಮನ ಎಂಬುದು ನೆಲದ ಮೇಲೆ ಅಥವಾ ಆಕಾಶದಿಂದ ಅಳೆದ ವಿದ್ಯುತ್ ಮತ್ತು ಕಾಂತೀಯ ಕ್ಷೇತ್ರಗಳ ದತ್ತಾಂಶದಿಂದ ಭೂಗರ್ಭದ ರೋಧಶೀಲತೆಯ ಹಂಚಿಕೆಯನ್ನು ಗಣಕದ ನೆರವಿನಿಂದ ಅಂದಾಜು ಮಾಡುವ ವಿಧಾನವಾಗಿದೆ. ಇದನ್ನು ಇನ್ವರ್ಷನ್ ಎಂದೂ ಕರೆಯುತ್ತಾರೆ. ಅಂತರ್ಜಲ, ಖನಿಜ ಹಾಗೂ ಭೂಶಾಖದ ಶೋಧನೆಯಲ್ಲಿ ಮತ್ತು ಭೂಚಿಪ್ಪಿನ ಆಳದ ರಚನೆಯ ಅಧ್ಯಯನದಲ್ಲಿ ಇದು ಬಳಕೆಯಲ್ಲಿದೆ. ಒಂದೇ ದತ್ತಾಂಶಕ್ಕೆ ಹೊಂದುವ ಭೂಮಾದರಿಗಳು ಅನೇಕ ಇರುವುದರಿಂದ, ವಿಲೋಮನದ ಫಲಿತಾಂಶವು ನೆಲದೊಳಗಿನ ನೇರ ಛಾಯಾಚಿತ್ರವಲ್ಲ. ಅದು ಅಳತೆ ಮತ್ತು ಪೂರ್ವಜ್ಞಾನ ಎರಡರಿಂದಲೂ ರೂಪುಗೊಂಡ ಅಂದಾಜು.

ಮೂಲತತ್ತ್ವ

ಶಿಲೆ ಮತ್ತು ಮಣ್ಣುಗಳು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ರೋಧಶೀಲತೆ ಎನ್ನುತ್ತಾರೆ. ಇದರ ಏಕಮಾನ ಓಮ್-ಮೀಟರ್. ಜೇಡಿ ಹೆಚ್ಚಾಗಿರುವ ತೇವದ ಎರೆಮಣ್ಣಿನ ರೋಧಶೀಲತೆ ಹಲವೊಮ್ಮೆ 10 ಓಮ್-ಮೀಟರಿಗಿಂತ ಕಡಿಮೆ ಇರುತ್ತದೆ. ನೀರು ತುಂಬಿದ ಶಿಥಿಲ ಶಿಲೆಯಲ್ಲಿ ಅದು ಸಾಮಾನ್ಯವಾಗಿ ಹತ್ತಾರು ಓಮ್-ಮೀಟರ್, ಬಿರುಕಿಲ್ಲದ ನೈಸ್ ಅಥವಾ ಗ್ರಾನೈಟಿನಲ್ಲಿ ಸಾವಿರಾರು ಓಮ್-ಮೀಟರ್ ಇರಬಹುದು. ಈ ದೊಡ್ಡ ವ್ಯತ್ಯಾಸವೇ ವಿದ್ಯುತ್ಕಾಂತೀಯ ಸಮೀಕ್ಷೆಗೆ ಆಧಾರ.

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ಪ್ರಕಾರ, ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಸಮೀಕ್ಷೆಯಲ್ಲಿ ಆ ವಾಹಕ ಭೂಮಿಯೇ. ನೆಲದೊಳಗೆ ಹುಟ್ಟಿದ ಪ್ರವಾಹಗಳು ತಮ್ಮದೇ ಆದ ದ್ವಿತೀಯ ಕ್ಷೇತ್ರವನ್ನು ಉಂಟುಮಾಡುತ್ತವೆ. ಉಪಕರಣವು ಅದನ್ನು ದಾಖಲಿಸುತ್ತದೆ. ಕ್ಷೇತ್ರವು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಈ ಸೂತ್ರದಿಂದ ಅಂದಾಜಿಸಬಹುದು:

ಭೇದನ ಆಳ (ಮೀಟರ್) ≈ 503 × √(ರೋಧಶೀಲತೆ ÷ ಆವರ್ತನ)

10,000 ಹರ್ಟ್ಸ್ ಆವರ್ತನದಲ್ಲಿ 5 ಓಮ್-ಮೀಟರ್ ರೋಧಶೀಲತೆಯ ಎರೆಮಣ್ಣಿನೊಳಗೆ ಈ ಆಳ ಸುಮಾರು 11 ಮೀಟರ್. 5,000 ಓಮ್-ಮೀಟರಿನ ನೈಸ್ ಶಿಲೆಯೊಳಗೆ ಸುಮಾರು 356 ಮೀಟರ್. ಆವರ್ತನ ಕಡಿಮೆಯಾದಂತೆ ಆಳ ಹೆಚ್ಚುತ್ತದೆ, ಆದರೆ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ.

ಸಮೀಕ್ಷೆಯ ವಿಧಗಳು

ಮ್ಯಾಗ್ನೆಟೋಟೆಲ್ಯುರಿಕ್ ವಿಧಾನದಲ್ಲಿ ಕೃತಕ ಮೂಲದ ಅಗತ್ಯವಿಲ್ಲ. ಮಿಂಚು ಹಾಗೂ ಸೌರಮಾರುತದಿಂದ ಉಂಟಾಗುವ ನೈಸರ್ಗಿಕ ಕಾಂತೀಯ ಏರಿಳಿತಗಳನ್ನೇ ಇದು ಬಳಸುತ್ತದೆ. ಈ ವಿಧಾನದ ಸಿದ್ಧಾಂತವನ್ನು 1950ರಲ್ಲಿ ರಷ್ಯಾದ ಆಂದ್ರೇ ತಿಖೊನೊವ್ ಮತ್ತು 1953ರಲ್ಲಿ ಫ್ರಾನ್ಸಿನ ಲೂಯಿ ಕಾನ್ಯಾರ್ ಮಂಡಿಸಿದರು. ಇದರಿಂದ ಹತ್ತಾರು ಕಿಲೋಮೀಟರ್ ಆಳದವರೆಗಿನ ಮಾಹಿತಿ ಪಡೆಯಲು ಸಾಧ್ಯ.

ಕ್ಷಣಿಕ ವಿದ್ಯುತ್ಕಾಂತೀಯ ವಿಧಾನದಲ್ಲಿ ತಂತಿಯ ಸುರುಳಿಯೊಂದರಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿತಗೊಳಿಸುತ್ತಾರೆ. ಆಗ ನೆಲದಲ್ಲಿ ಹುಟ್ಟುವ ಪ್ರವಾಹವು ಹೊಗೆಯ ಉಂಗುರದಂತೆ ಅಗಲವಾಗುತ್ತ ಕೆಳಗಿಳಿದು ಕ್ಷೀಣಿಸುತ್ತದೆ. ಮೈಕ್ರೋಸೆಕೆಂಡುಗಳಿಂದ ಮಿಲಿಸೆಕೆಂಡುಗಳವರೆಗೆ ಆ ಕ್ಷೀಣತೆಯನ್ನು ಅಳೆಯಲಾಗುತ್ತದೆ. ಮೊದಲ ಕ್ಷಣಗಳ ಅಳತೆ ಮೇಲ್ಪದರಗಳ ಬಗ್ಗೆ, ನಂತರದ್ದು ಆಳದ ಪದರಗಳ ಬಗ್ಗೆ ಹೇಳುತ್ತದೆ. ಸುರುಳಿಯನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಹಾರಿಸಿದರೆ ವಿಶಾಲ ಪ್ರದೇಶವನ್ನು ಕೆಲವೇ ದಿನಗಳಲ್ಲಿ ಸಮೀಕ್ಷಿಸಬಹುದು.

ಮುನ್ನಡೆ ಮಾದರಿ

ಭೂಮಿಯ ರೋಧಶೀಲತೆ ಹೀಗಿದೆ ಎಂದು ಊಹಿಸಿಕೊಂಡು, ಹಾಗಿದ್ದರೆ ಉಪಕರಣವು ಏನನ್ನು ದಾಖಲಿಸಬೇಕಿತ್ತು ಎಂದು ಲೆಕ್ಕಹಾಕುವುದು ಮುನ್ನಡೆ ಮಾದರಿ. ಇದಕ್ಕಾಗಿ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಬೇಕು. ಭೂಮಿಯನ್ನು ಅಡ್ಡ ಪದರಗಳ ಜೋಡಣೆ ಎಂದು ಭಾವಿಸುವ ಏಕ ಆಯಾಮದ ಮಾದರಿಯಲ್ಲಿ ಈ ಲೆಕ್ಕ ಸುಲಭ ಮತ್ತು ಅತಿ ವೇಗದ್ದು. ಬೆಟ್ಟ, ಕಣಿವೆ, ಓರೆಯಾದ ಶಿಲಾಸ್ತರಗಳಿರುವಲ್ಲಿ ಮೂರು ಆಯಾಮದ ಮಾದರಿ ಬೇಕಾಗುತ್ತದೆ. ಆಗ ಭೂಮಿಯನ್ನು ಸಣ್ಣ ಕೋಶಗಳಾಗಿ ವಿಂಗಡಿಸಿ, ಪರಿಮಿತ ವ್ಯತ್ಯಾಸ ಅಥವಾ ಪರಿಮಿತ ಘಟಕ ವಿಧಾನದಿಂದ ಪ್ರತಿ ಕೋಶದಲ್ಲಿನ ಕ್ಷೇತ್ರವನ್ನು ಲೆಕ್ಕಿಸುತ್ತಾರೆ.

ಗಣನೆಯ ಹೊರೆಯನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಉದ್ದ ಮತ್ತು ಅಗಲಗಳಲ್ಲಿ ತಲಾ 100, ಆಳದಲ್ಲಿ 50 ಕೋಶಗಳಿದ್ದರೆ ಒಟ್ಟು 5 ಲಕ್ಷ ಕೋಶಗಳಾಗುತ್ತವೆ. ಕ್ಷೇತ್ರಕ್ಕೆ ಮೂರು ಘಟಕಗಳಿರುವುದರಿಂದ ಸುಮಾರು 15 ಲಕ್ಷ ಅಜ್ಞಾತಗಳಿರುವ ಸಮೀಕರಣ ವ್ಯವಸ್ಥೆಯನ್ನು ಪ್ರತಿ ಆವರ್ತನಕ್ಕೂ ಪ್ರತ್ಯೇಕವಾಗಿ ಬಿಡಿಸಬೇಕು.

ವಿಲೋಮನ

ವಿಲೋಮನವು ಇದರ ಹಿಮ್ಮುಖ ಸಮಸ್ಯೆ. ಇಲ್ಲಿ ದತ್ತಾಂಶ ಗೊತ್ತಿದೆ, ಮಾದರಿ ಗೊತ್ತಿಲ್ಲ. ಆರಂಭಿಕ ಮಾದರಿಯೊಂದರಿಂದ ಹೊರಟು, ಲೆಕ್ಕಹಾಕಿದ ಮತ್ತು ಅಳೆದ ಮೌಲ್ಯಗಳ ನಡುವಿನ ಅಂತರವನ್ನು ನೋಡಿ ಮಾದರಿಯನ್ನು ತಿದ್ದಲಾಗುತ್ತದೆ. ಅಂತರವು ಅಳತೆಯ ದೋಷದ ಮಟ್ಟಕ್ಕೆ ಇಳಿಯುವವರೆಗೆ ಈ ಸುತ್ತು ಮುಂದುವರಿಯುತ್ತದೆ. ಅದಕ್ಕಿಂತಲೂ ಕಡಿಮೆ ಮಾಡಲು ಯತ್ನಿಸಿದರೆ ಗದ್ದಲವೂ ಮಾದರಿಯೊಳಗೆ ಸೇರಿ, ಇಲ್ಲದ ಪದರಗಳು ಇದ್ದಂತೆ ತೋರುತ್ತವೆ.

ಪ್ರತಿ ಕೋಶವನ್ನು ಎಷ್ಟು ತಿದ್ದಬೇಕೆಂದು ತಿಳಿಯಲು, ಆ ಕೋಶದ ಬದಲಾವಣೆಯು ದತ್ತಾಂಶವನ್ನು ಎಷ್ಟು ಬದಲಿಸುತ್ತದೆ ಎಂಬ ಸಂವೇದನಾ ಮೌಲ್ಯ ಬೇಕು. ಕೋಶಗಳನ್ನು ಒಂದೊಂದಾಗಿ ಬದಲಿಸಿ ನೋಡಿದರೆ ಮೇಲಿನ ಉದಾಹರಣೆಯಲ್ಲಿ ಪ್ರತಿ ಸುತ್ತಿಗೂ 5 ಲಕ್ಷ ಬಾರಿ ಮುನ್ನಡೆ ಲೆಕ್ಕ ಮಾಡಬೇಕಾದೀತು. ಮೂಲ ಮತ್ತು ಗ್ರಾಹಕಗಳ ಪಾತ್ರವನ್ನು ಅದಲು ಬದಲು ಮಾಡುವ ಅಡ್ಜಾಯಿಂಟ್ ವಿಧಾನವು ಈ ಹೊರೆಯನ್ನು ಬಹಳವಾಗಿ ತಗ್ಗಿಸುತ್ತದೆ.

ಅನೇಕ ಉತ್ತರಗಳ ಸಮಸ್ಯೆ

ಎರಡು ಗಟ್ಟಿ ಬಸಾಲ್ಟ್ ಹರಿವುಗಳ ನಡುವೆ ತೆಳುವಾದ ಶಿಥಿಲ ಪದರವೊಂದಿದೆ ಎಂದು ಭಾವಿಸೋಣ. ಅದು 20 ಓಮ್-ಮೀಟರಿನ 10 ಮೀಟರ್ ದಪ್ಪದ ಪದರವಾಗಿರಬಹುದು, ಅಥವಾ 40 ಓಮ್-ಮೀಟರಿನ 20 ಮೀಟರ್ ದಪ್ಪದ ಪದರವಾಗಿರಬಹುದು. ದಪ್ಪವನ್ನು ರೋಧಶೀಲತೆಯಿಂದ ಭಾಗಿಸಿದಾಗ ಎರಡರಲ್ಲೂ 0.5 ಸೀಮೆನ್ಸ್ ಎಂಬ ಒಂದೇ ವಾಹಕತ್ವ ಬರುತ್ತದೆ. ಮೇಲಿನಿಂದ ಅಳೆಯುವ ಉಪಕರಣಕ್ಕೆ ಇವೆರಡೂ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿ ಕೊಳವೆಬಾವಿ ತೋಡುವ ರೈತನಿಗೆ ಪದರದ ದಪ್ಪ ಎರಡರಷ್ಟಾಗುವುದು ಸಣ್ಣ ವ್ಯತ್ಯಾಸವಲ್ಲ. ಈ ಗುಣವನ್ನು ಸಮಾನತೆಯ ತತ್ತ್ವ ಎನ್ನುತ್ತಾರೆ.

ಈ ಅನಿಶ್ಚಿತತೆಯನ್ನು ನಿಭಾಯಿಸಲು ಕ್ರಮೀಕರಣವನ್ನು ಬಳಸುತ್ತಾರೆ. ಮ್ಯಾಗ್ನೆಟೋಟೆಲ್ಯುರಿಕ್ ವಿಧಾನದ ಪ್ರವರ್ತಕರಾದ ತಿಖೊನೊವ್ ಅವರೇ 1963ರಲ್ಲಿ ಇದರ ಗಣಿತವನ್ನು ರೂಪಿಸಿದರು. ದತ್ತಾಂಶಕ್ಕೆ ಹೊಂದುವ ಮಾದರಿಗಳಲ್ಲಿ ಯಾವುದನ್ನು ಆರಿಸಬೇಕೆಂಬ ನಿಯಮವನ್ನು ಇದು ಸೇರಿಸುತ್ತದೆ. ಸ್ಟೀವನ್ ಕಾನ್‌ಸ್ಟಬಲ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಆಕಮ್ ವಿಲೋಮನವು ಅಂತಹ ಮಾದರಿಗಳಲ್ಲಿ ಅತ್ಯಂತ ನಯವಾದುದನ್ನು ಹುಡುಕುತ್ತದೆ. ಇದರ ಪರಿಣಾಮವಾಗಿ, ನಿಜದಲ್ಲಿ ಚೂಪಾಗಿರುವ ಗಡಿಯೂ ಚಿತ್ರದಲ್ಲಿ ಹರಡಿದಂತೆ ಕಾಣುತ್ತದೆ. ಚಿತ್ರದ ನಯತೆಯು ನೆಲದ ಗುಣವಾಗಿರದೆ ಆಯ್ಕೆಯ ಗುಣವಾಗಿರಬಹುದು ಎಂಬುದನ್ನು ಓದುಗರು ನೆನಪಿಡಬೇಕು.

ಕರ್ನಾಟಕದಲ್ಲಿ ಬಳಕೆ

ಕೇಂದ್ರ ಅಂತರ್ಜಲ ಮಂಡಳಿಗಾಗಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು 2010ರ ದಶಕದಲ್ಲಿ ದೇಶದ ಆರು ಭಿನ್ನ ಭೂಪ್ರದೇಶಗಳಲ್ಲಿ ಜಲಧರ ನಕ್ಷೆಯ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಗಟ್ಟಿ ನೈಸ್ ಶಿಲೆಯ ಪ್ರದೇಶದ ಪ್ರತಿನಿಧಿಯಾಗಿ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನವನ್ನು ಆರಿಸಲಾಗಿತ್ತು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ, ಅಲ್ಲಿ ಅಭಿವೃದ್ಧಿಯಾದ ಸ್ಕೈಟೆಮ್ ಎಂಬ ಹೆಲಿಕಾಪ್ಟರ್ ಆಧಾರಿತ ಕ್ಷಣಿಕ ವಿದ್ಯುತ್ಕಾಂತೀಯ ವ್ಯವಸ್ಥೆಯನ್ನು ಬಳಸಲಾಯಿತು. ಇಂತಹ ಪ್ರದೇಶದಲ್ಲಿ ನೀರು ಮೇಲಿನ ಶಿಥಿಲ ವಲಯದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಇರುತ್ತದೆ. ಶಿಥಿಲ ವಲಯದ ದಪ್ಪವನ್ನು ವಿಲೋಮನವು ಸಾಕಷ್ಟು ಚೆನ್ನಾಗಿ ಗುರುತಿಸಬಲ್ಲದು. ಆಳದಲ್ಲಿರುವ ಕೆಲವೇ ಸೆಂಟಿಮೀಟರ್ ಅಗಲದ ಒಂಟಿ ಬಿರುಕನ್ನು ಆಕಾಶದಿಂದ ಬಿಡಿಯಾಗಿ ಗುರುತಿಸಲಾರದು.

ಭೂಚಿಪ್ಪಿನ ಅಧ್ಯಯನದಲ್ಲಿ, ಭಾರತೀಯ ಭೂಕಾಂತತ್ವ ಸಂಸ್ಥೆಯ ಎಸ್. ಜಿ. ಗೋಕರ್ಣ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಧಾರವಾಡ ಕ್ರೇಟಾನಿನ ಮ್ಯಾಗ್ನೆಟೋಟೆಲ್ಯುರಿಕ್ ಮಾದರಿಯನ್ನು ಪ್ರಕಟಿಸಿದರು. ಚಿತ್ರದುರ್ಗ–ಗದಗ ಶಿಸ್ಟ್ ಪಟ್ಟಿಯ ಗುಂಟ ಆರ್ಕಿಯನ್ ಕಾಲದ ಎರಡು ಭೂಖಂಡಗಳ ಬೆಸುಗೆ ಇದೆ ಎಂದು ಅವರು ವ್ಯಾಖ್ಯಾನಿಸಿದರು.

ಸಿರಸಂಗಿ–ಸವದತ್ತಿ–ರಾಮದುರ್ಗ ಪ್ರದೇಶ: ಒಂದು ನಿದರ್ಶನ

ಬೆಳಗಾವಿ ಜಿಲ್ಲೆಯ ಸಿರಸಂಗಿ, ಸವದತ್ತಿ, ರಾಮದುರ್ಗಗಳ ಸುತ್ತಲಿನ ಮಲಪ್ರಭಾ ಪ್ರದೇಶದ ಭೂರಚನೆಯು ವಿಲೋಮನದ ಶಕ್ತಿ ಮತ್ತು ಮಿತಿ ಎರಡನ್ನೂ ವಿವರಿಸಲು ಅನುಕೂಲಕರವಾಗಿದೆ. ಕಲಾದಗಿ ಶಿಲಾಸಮೂಹದ ರಾಮದುರ್ಗ ಸ್ತರ ಮತ್ತು ಅದರ ಭಾಗವಾದ ಸವದತ್ತಿ ಕ್ವಾರ್ಟ್ಜೈಟ್ ತಮ್ಮ ಹೆಸರನ್ನು ಈ ಊರುಗಳಿಂದಲೇ ಪಡೆದಿವೆ. ಈ ಕ್ವಾರ್ಟ್ಜೈಟ್ ಹೆಚ್ಚು ಪ್ರಾಚೀನವಾದ ನೈಸ್ ಹಾಗೂ ಶಿಸ್ಟ್ ಶಿಲೆಗಳ ಸವೆದ ಮೇಲ್ಮೈಯ ಮೇಲೆ ಕುಳಿತಿದೆ. ಬಯಲಿನಲ್ಲಿ ಹಲವೆಡೆ ಎರೆಮಣ್ಣಿನ ಹೊದಿಕೆ ಇದೆ.

ಎರೆಮಣ್ಣು ಉತ್ತಮ ವಾಹಕ, ಕೆಳಗಿನ ಶಿಲೆ ದುರ್ಬಲ ವಾಹಕ. ಆದ್ದರಿಂದ ಮಣ್ಣು ಮತ್ತು ಶಿಥಿಲ ವಲಯಗಳು ಎಲ್ಲಿ ಮುಗಿದು ಗಟ್ಟಿ ಬಂಡೆ ಆರಂಭವಾಗುತ್ತದೆ ಎಂಬುದು ವಿಲೋಮನದಲ್ಲಿ ಸ್ಪಷ್ಟವಾಗಿ ಕಾಣುವ ಸಂಗತಿ. ಆದರೆ ಬಿರುಕಿಲ್ಲದ ಕ್ವಾರ್ಟ್ಜೈಟ್ ಮತ್ತು ಬಿರುಕಿಲ್ಲದ ನೈಸ್ ಎರಡೂ ಸಾವಿರಾರು ಓಮ್-ಮೀಟರಿನ ಶಿಲೆಗಳು. 3,000 ಮತ್ತು 10,000 ಓಮ್-ಮೀಟರ್‌ಗಳ ನಡುವಿನ ವ್ಯತ್ಯಾಸಕ್ಕೆ ಪ್ರೇರಣಾ ವಿಧಾನಗಳು ಬಹುತೇಕ ಕುರುಡು. ಹೀಗಾಗಿ ಬೆಟ್ಟದ ಇಳಿಜಾರಿನಲ್ಲಿ ಬರಿಗಣ್ಣಿಗೇ ಕಾಣುವ ಅತಿ ಮುಖ್ಯವಾದ ಗಡಿಯೊಂದು ಗಣಕದ ಚಿತ್ರದಲ್ಲಿ ಕಾಣದೇ ಹೋಗಬಹುದು. ಅಲ್ಲಿ ಭೂವಿಜ್ಞಾನಿಯ ನಕ್ಷೆಯನ್ನು ಮಾದರಿಯೊಳಗೆ ಸೇರಿಸುವುದು ಅಗತ್ಯ.

ಮಿತಿಗಳು ಮತ್ತು ಪರಿಶೀಲನೆ

ಕಡಿಮೆ ರೋಧಶೀಲತೆ ಎಂದರೆ ನೀರು ಎಂದಷ್ಟೇ ಅರ್ಥವಲ್ಲ. ಜೇಡಿ, ಉಪ್ಪುನೀರು ಮತ್ತು ಗ್ರಾಫೈಟ್ ಕೂಡ ಇದೇ ಸಂಕೇತವನ್ನು ನೀಡುತ್ತವೆ. ನೀರಿದ್ದರೂ ಅದು ಬಾವಿಗೆ ಎಷ್ಟು ವೇಗವಾಗಿ ಹರಿದುಬರುತ್ತದೆ ಎಂಬುದನ್ನು ರೋಧಶೀಲತೆ ನೇರವಾಗಿ ಹೇಳುವುದಿಲ್ಲ. ಹೊಲಗಳ ಪಂಪ್‌ಸೆಟ್ಟುಗಳಿಗೆ ಹೋಗುವ ವಿದ್ಯುತ್ ತಂತಿಗಳು, ಲೋಹದ ಬೇಲಿಗಳು ಮತ್ತು ಕೊಳವೆಗಳು ಅಳತೆಯನ್ನು ಕೆಡಿಸುತ್ತವೆ. ಅವುಗಳ ಸಮೀಪದ ದತ್ತಾಂಶವನ್ನು ವಿಲೋಮನಕ್ಕೆ ಮೊದಲೇ ತೆಗೆದುಹಾಕಬೇಕಾಗುತ್ತದೆ.

ಫಲಿತಾಂಶವನ್ನು ಪರೀಕ್ಷಿಸಲು ಸಾಮಾನ್ಯವಾಗಿ ಮೂರು ಮಾರ್ಗಗಳನ್ನು ಅನುಸರಿಸುತ್ತಾರೆ. ಮೊದಲನೆಯದಾಗಿ, ಬೇರೆ ಬೇರೆ ಆರಂಭಿಕ ಮಾದರಿಗಳಿಂದ ಹೊರಟು, ಎಲ್ಲದರಲ್ಲೂ ಉಳಿಯುವ ಲಕ್ಷಣಗಳನ್ನು ಮಾತ್ರ ನಂಬುವುದು. ಎರಡನೆಯದಾಗಿ, ದತ್ತಾಂಶಕ್ಕೆ ಸಂವೇದನೆ ಇಲ್ಲದ ಆಳವನ್ನು ಗುರುತಿಸಿ, ಅದರ ಕೆಳಗಿನ ಚಿತ್ರವನ್ನು ಮರೆಮಾಡುವುದು. ಮೂರನೆಯದಾಗಿ, ಕೊಳವೆಬಾವಿ ಕೊರೆಯುವಾಗ ಹೊರಬಂದ ಪುಡಿಯ ದಾಖಲೆಯೊಂದಿಗೆ ಮಾದರಿಯನ್ನು ಹೋಲಿಸುವುದು. ಒಣಗಿದ ಬಾವಿಯ ದಾಖಲೆಯೂ ಇಲ್ಲಿ ನೀರು ಬಂದ ಬಾವಿಯಷ್ಟೇ ಉಪಯುಕ್ತ, ಏಕೆಂದರೆ ಅದು ದತ್ತಾಂಶಕ್ಕೆ ಹೊಂದುವ ಅನೇಕ ಮಾದರಿಗಳಲ್ಲಿ ಕೆಲವನ್ನು ತಳ್ಳಿಹಾಕುತ್ತದೆ.

ತಂತ್ರಾಂಶಗಳು

ಪೈಥಾನ್ ಭಾಷೆಯಲ್ಲಿರುವ ಸಿಂಪೆಗ್ ಮತ್ತು ಪೈಜಿಮ್ಲಿ ಮುಕ್ತ ತಂತ್ರಾಂಶಗಳಾಗಿದ್ದು, ವಿದ್ಯಾರ್ಥಿಗಳು ಸಾಮಾನ್ಯ ಗಣಕದಲ್ಲಿಯೇ ಸಣ್ಣ ಮಾದರಿಗಳನ್ನು ಪ್ರಯೋಗಿಸಿ ನೋಡಬಹುದು. ಮೂರು ಆಯಾಮದ ಮ್ಯಾಗ್ನೆಟೋಟೆಲ್ಯುರಿಕ್ ವಿಲೋಮನಕ್ಕೆ ಮೋಡ್‌ಇಎಮ್, ಹೆಲಿಕಾಪ್ಟರ್ ಸಮೀಕ್ಷೆಯ ದತ್ತಾಂಶಕ್ಕೆ ಆರ್ಹುಸ್ ವರ್ಕ್‌ಬೆಂಚ್ ಬಳಕೆಯಲ್ಲಿವೆ.