ಶ್ರೀರಾಂಪುರದ ಪಾಠ



ಜನವರಿ 25, ಸಂತ ಪೌಲರ ಮನಪರಿವರ್ತನೆಯ ಹಬ್ಬ. ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ಸಪ್ತಾಹದ ಕೊನೆಯ ದಿನ. "ಫಾದರ್, ಬ್ಯಾಪ್ಟಿಸ್ಟರ ಗುರುಮಠದಲ್ಲಿ ಏನು ಕಲಿಸುತ್ತಾರೆ?" ಎಂದು ಕೇಳುವವರುಂಟು.

ಬಂಗಾಳದ ಶ್ರೀರಾಂಪುರದಲ್ಲಿ ಬ್ಯಾಪ್ಟಿಸ್ಟ್ ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಕಾಲೇಜು ತೆರೆದರು. ಹಿಂದೆ ಪಾದರಕ್ಷೆ ಹೊಲಿಯುತ್ತಿದ್ದ ಕೇರಿಯವರು ಅಲ್ಲಿ ದೈವಶಾಸ್ತ್ರದೊಂದಿಗೆ ಸಸ್ಯಶಾಸ್ತ್ರವನ್ನೂ ಬೋಧಿಸಿದರು. 1817ರಲ್ಲೇ ಕನ್ನಡ ವ್ಯಾಕರಣವನ್ನು ಪ್ರಕಟಿಸಿದ್ದರು. ಹಳೆಯ ಹಾಗೂ ಹೊಸ ಒಡಂಬಡಿಕೆ, ಧರ್ಮಸಭೆಯ ಚರಿತ್ರೆ ನಮಗೂ ಅವರಿಗೂ ಸಮಾನ ಪಾಠಗಳು.

ಶಿಶುಗಳ ಜ್ಞಾನಸ್ನಾನವನ್ನು ಅವರು ಒಪ್ಪುವುದಿಲ್ಲ. ನಾವಾದರೋ, ದೇವರ ವರಪ್ರಸಾದ ನಮ್ಮ ಅರಿವಿಗಿಂತ ಮೊದಲೇ ಬರುತ್ತದೆಂದು ನಂಬುತ್ತೇವೆ. ಈ ಭೇದವನ್ನು ಮುಚ್ಚಿಡಬೇಕಿಲ್ಲ. ಆದರೂ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ, ನಮ್ಮಿಂದ ಅಗಲಿರುವ ಕ್ರೈಸ್ತರನ್ನು ಸಹೋದರರೆಂದೇ ಕರೆಯಿತು. ನೆರೆಮನೆಯ ಸಹೋದರರೊಡನೆ ಕುಳಿತು ಶುಭಸಂದೇಶದ ಒಂದು ಪುಟ ಓದೋಣ.